ಪಟವನ್ನು ಬಯ್ಯುವ ಮೊದಲು ದಾರ ನೋಡು

ಕೈಟ್‌ಸರ್ಫಿಂಗಿಗೆಂದು ನೀನು ಹನ್ನೆರಡು ಚದರ ಮೀಟರಿನ ಸೆಕೆಂಡ್‌ಹ್ಯಾಂಡ್ ಕೈಟ್ ಕೊಂಡು ರಾಮೇಶ್ವರದವರೆಗೆ ಹೊತ್ತುಕೊಂಡು ಹೋದೆ, ಅದು ನೆಟ್ಟಗೆ ನಿಲ್ಲುತ್ತಿಲ್ಲ ಅಂದೆ. ಒಮ್ಮೆ ಹಿಂದಕ್ಕೆ ವಾಲಿ ಬೀಳುತ್ತದೆ, ಇನ್ನೊಮ್ಮೆ ಎಡಕ್ಕೆ ಎಳೆಯುತ್ತದೆ, ಮಾರಿದವನು ಟೋಪಿ ಹಾಕಿದ ಎಂದು ನಿನ್ನ ತೀರ್ಮಾನ. ಸ್ವಲ್ಪ ತಾಳು ಮಗಳೇ. ಬಟ್ಟೆ ಹರಿದಿಲ್ಲ, ಪಟದ ಟ್ಯೂಬುಗಳಲ್ಲಿ ತುಂಬಿದ ಗಾಳಿ ನಿಲ್ಲುತ್ತಿದೆ ಎಂದಾದರೆ, ಬಹುಪಾಲು ಸಲ ತಪ್ಪು ಪಟದ್ದಲ್ಲ, ದಾರದ್ದು. ಆಷಾಢದಲ್ಲಿ ಕಾಗದದ ಪಟ ಹಾರಿಸಿದವರಿಗೆ ಇದು ಗೊತ್ತು. ಸೂತ್ರದ ಗಂಟು ಒಂದು ಬೆರಳು ಆಚೀಚೆಯಾದರೆ ಸಾಕು, ಪಟ ಗಿರಗಿರ ಸುತ್ತಿ ನೆಲ ಕಚ್ಚುತ್ತದೆ. ಆಗ ಯಾರೂ ಕಾಗದ ಬದಲಿಸುವುದಿಲ್ಲ, ಸೂತ್ರ ಬಿಚ್ಚಿ ಮತ್ತೆ ಕಟ್ಟುತ್ತಾರೆ.

ದಾರಕ್ಕೆ ಕೈ ಹಾಕುವ ಮುಂಚೆ ಗಾಳಿಯ ಲೆಕ್ಕ ಒಂದು ಮುಗಿಸಿಬಿಡು. ಎಷ್ಟು ಒತ್ತಡ ಬೇಕು ಎಂದು ವಾಲ್ವಿನ ಹತ್ತಿರವೇ ಅಚ್ಚು ಹಾಕಿರುತ್ತಾರೆ, ಸಾಮಾನ್ಯವಾಗಿ 6ರಿಂದ 8 ಪಿಎಸ್‌ಐ. ಸಣ್ಣ ಕೈಟಿಗೆ ಹೆಚ್ಚು, ದೊಡ್ಡದಕ್ಕೆ ಕಡಿಮೆ. ಕೈ ನೋಯುತ್ತದೆ ಎಂದು ನಾಲ್ಕಕ್ಕೇ ನಿಲ್ಲಿಸಿದರೆ ಮುಂಭಾಗದ ಟ್ಯೂಬು ಗಾಳಿಯ ಹೊಡೆತಕ್ಕೆ ಬಾಗುತ್ತದೆ, ಪಟ ನಡುವಿನಲ್ಲಿ ಮಡಚಿಕೊಳ್ಳುತ್ತದೆ. ತಿರುಗಿಸಿದಾಗ ತಡವಾಗಿ ತಿರುಗುವುದಕ್ಕೂ ಇದೇ ಕಾರಣ ಇರಬಹುದು. ಪಂಪು ಒತ್ತುತ್ತಿರುವಾಗ ಮಾಪಕದ ಮುಳ್ಳು ಕುಣಿಯುತ್ತದೆ, ಅದನ್ನು ನಂಬಬೇಡ, ನಿಲ್ಲಿಸಿ ನೋಡು. ಟ್ಯೂಬನ್ನು ಬೆರಳಿನಿಂದ ಚಿಮ್ಮಿದರೆ ಠಣ್ ಎನ್ನಬೇಕು. ಹಾಗಂತ ತುಂಬಿಸಿ ಬಿಸಿಲಿನಲ್ಲಿ ಮಲಗಿಸಿ ಊಟಕ್ಕೆ ಹೋಗುವುದೂ ಬೇಡ. ಬೆಳಿಗ್ಗೆ 7 ಪಿಎಸ್‌ಐ ತುಂಬಿಸಿದ ಟ್ಯೂಬಿನ ಗಾಳಿ 20 ಡಿಗ್ರಿ ಬಿಸಿಯೇರಿದರೆ ಒತ್ತಡ ಸುಮಾರು 8.4ಕ್ಕೆ ಹೋಗುತ್ತದೆ. ಹಳೇ ಕೈಟಿನ ಹೊಲಿಗೆಗೂ ವಾಲ್ವಿನ ಅಂಟಿಗೂ ಅದು ಒಳ್ಳೆಯದಲ್ಲ.

ಈಗ ದಾರಕ್ಕೆ ಬರೋಣ. ಕೈಯಲ್ಲಿ ಹಿಡಿಯುವ ಬಾರಿನಿಂದ ನಾಲ್ಕು ದಾರ ಹೊರಡುತ್ತವೆ. ನಡುವಿನ ಎರಡು ಪಟದ ಮುಂಭಾಗಕ್ಕೆ, ಬಾರಿನ ತುದಿಗಳ ಎರಡು ಹಿಂಭಾಗಕ್ಕೆ. ನಿನ್ನ ಮೈಭಾರವನ್ನು ಸೊಂಟದ ಪಟ್ಟಿಯ ಮೂಲಕ ಹೊರುವುದು ಹೆಚ್ಚಾಗಿ ಮುಂದಿನ ಜೋಡಿ. ಹಿಂದಿನದ್ದು ತಿರುಗಿಸುವ ಕೆಲಸಕ್ಕೆ. ಭಾರ ಹೊತ್ತದ್ದು ಕಾಲಕ್ರಮೇಣ ಹಿಗ್ಗುತ್ತದೆ. ಮುಂದಿನದು ಹಿಗ್ಗಿತು ಎಂದರೆ ಹಿಂದಿನದು ಗಿಡ್ಡವಾದಂತೆಯೇ. ನೀನು ಬಾರನ್ನು ಪೂರ್ತಿ ಬಿಟ್ಟಿದ್ದರೂ ಪಟಕ್ಕೆ ಮಾತ್ರ ಯಾರೋ ಹಿಂದಿನಿಂದ ಸದಾ ಎಳೆಯುತ್ತಿರುವಂತೆ ಆಗುತ್ತದೆ. ಅದು ಗಾಳಿಯನ್ನು ಸೀಳಿ ಮುಂದೆ ಹೋಗದೆ, ತಡೆದು ನಿಂತು, ಹಿಂದಕ್ಕೆ ಜಾರುತ್ತದೆ. ನಿನ್ನ ಹನ್ನೆರಡು ಮೀಟರಿನದು ಮಾಡುತ್ತಿರುವುದು ಬಹುಶಃ ಇದನ್ನೇ.

ಪರೀಕ್ಷೆ ಮಾಡುವುದಕ್ಕೆ ಸಮುದ್ರ ಬೇಡ, ಗಾಳಿಯೂ ಬೇಡ. ಗಟ್ಟಿಯಾದ ಒಂದು ಕಂಬ ಸಾಕು. ನಾಲ್ಕೂ ದಾರದ ತುದಿಗಳನ್ನು ಒಂದೇ ಕೊಕ್ಕೆಗೆ ಸಿಕ್ಕಿಸು. ಪವರ್ ಕಡಿಮೆ ಮಾಡುವ ಟ್ರಿಮ್ ಪಟ್ಟಿಯನ್ನು ಪೂರ್ತಿ ಸಡಿಲ ಬಿಡು, ಬಾರನ್ನು ಮೈಯ ಕಡೆಗೆ ಪೂರ್ತಿ ಎಳೆದುಕೊ, ಹಿಂದಕ್ಕೆ ಒರಗಿ ನಿಲ್ಲು. ಈಗಿನ ಹೆಚ್ಚಿನ ಬಾರುಗಳಲ್ಲಿ ಆಗ ನಾಲ್ಕೂ ಒಂದೇ ಬಿಗಿ ಇರಬೇಕು, ಬಾರ್ ಅಡ್ಡಕ್ಕೆ ಸಮನಾಗಿ ನಿಲ್ಲಬೇಕು. ನಿನ್ನ ಬಾರಿನ ಕೈಪಿಡಿ ಬೇರೆ ಹೇಳಿದ್ದರೆ ಕೈಪಿಡಿಯ ಮಾತೇ ಕೊನೆ. ಮುಂದಿನ ಎರಡು ಜೋತುಬಿದ್ದಿದ್ದರೆ ಅವು ಹಿಗ್ಗಿವೆ. ಬಾರ್ ಓರೆಯಾಗಿದ್ದರೆ ಎಡ ಬಲದ ವ್ಯತ್ಯಾಸ. ಎರಡು ಮೂರು ಸೆಂಟಿಮೀಟರ್ ಅಂತರ ಇದ್ದರೂ ಪಟ ಒಂದು ಕಡೆಗೆ ಎಳೆಯುತ್ತದೆ.

ಮೊದಲು ಗಿಡ್ಡವಾದ ದಾರವನ್ನು ಕಂಬಕ್ಕೆ ಹಾಕಿ ಮೈಭಾರ ಬಿಟ್ಟು ಎಳೆ. ಉಪ್ಪು ಹಿಡಿದು ಒಣಗಿದ್ದೋ ಎಲ್ಲೋ ಗಂಟು ಬಿದ್ದದ್ದೋ ಆದರೆ ಅಷ್ಟಕ್ಕೇ ಸರಿಹೋಗುವುದುಂಟು. ಗಂಟು ಕಂಡರೆ ಬಿಚ್ಚಲೇಬೇಕು, ಗಂಟಿದ್ದಲ್ಲಿ ದಾರದ ಬಲ ಕುಗ್ಗುತ್ತದೆ. ಆಮೇಲೂ ಅಂತರ ಉಳಿದರೆ, ಹಿಂದಿನ ದಾರ ಕಟ್ಟುವಲ್ಲಿ ಸಾಲಾಗಿ ಗಂಟುಗಳಿವೆಯಲ್ಲ, ಅವು ಇರುವುದೇ ಇದಕ್ಕೆ. ಪಟದಿಂದ ದೂರದ ಗಂಟಿಗೆ ಹೋದರೆ ಹಿಂದಿನದು ಉದ್ದವಾಗುತ್ತದೆ. ಎರಡೂ ಬದಿ ಒಂದೇ ಸಮ, ಒಂದು ಸಲಕ್ಕೆ ಒಂದೇ ಗಂಟು. ಒಂದೇ ಬೆಳಿಗ್ಗೆ ಗಂಟನ್ನೂ ಬದಲಿಸಿ ಟ್ರಿಮ್ಮನ್ನೂ ಎಳೆದು ಒತ್ತಡವನ್ನೂ ಏರಿಸಿದರೆ ಯಾವುದರಿಂದ ಸರಿಹೋಯಿತು ಎಂದು ಬ್ರಹ್ಮನಿಗೂ ತಿಳಿಯುವುದಿಲ್ಲ, ಮಾರಾಯ್ತಿ. ದಡದಲ್ಲಿ ನಿಂತು ಟ್ರಿಮ್ ಪಟ್ಟಿಯನ್ನು ತುಸು ಎಳೆದರೂ ಪಟ ಆ ಹೊತ್ತಿಗೆ ಸುಧಾರಿಸುತ್ತದೆ ನಿಜ. ಆದರೆ ಗಾಳಿ ಜೋರಾದಾಗ ಪವರ್ ಇಳಿಸಲು ಇರುವ ಅವಕಾಶವನ್ನು ಅಲ್ಲೇ ಖರ್ಚು ಮಾಡಿದಂತಾಯಿತು.

ಉಲ್ಟಾ ಕಾಯಿಲೆಯೂ ಒಂದಿದೆ. ಹಿಂದಿನ ದಾರ ಅತಿ ಉದ್ದವಾದರೆ ಪಟ ನಿನ್ನ ತಲೆಯನ್ನೂ ದಾಟಿ ಮುಂದೆ ಹೋಗುತ್ತದೆ, ದಾರ ಸಡಿಲಾಗಿ ದೊಪ್ಪನೆ ಬೀಳುತ್ತದೆ. ಬಾರ್ ತಿರುಗಿಸಿದರೂ ಜಗ್ಗದು, ಹಿಂದಿನ ಅಂಚು ಪಟಪಟ ಬಡಿಯುತ್ತದೆ. ನೀರಿನಿಂದ ಎಬ್ಬಿಸುವುದೂ ಕಷ್ಟ, ಏಕೆಂದರೆ ಮೂಗು ಕೆಳಗಾಗಿ ಬಿದ್ದ ಪಟವನ್ನು ಪಕ್ಕಕ್ಕೆ ಹೊರಳಿಸುವುದು ಒಂದು ಹಿಂದಿನ ದಾರದ ಎಳೆತವೇ. ಟ್ಯೂಬು ಇರುವುದೇ ಈ ಎಬ್ಬಿಸುವಿಕೆಗೆ. ಫ್ರಾನ್ಸಿನ ಬ್ರಿಟನಿಯ ಬ್ರೂನೊ ಮತ್ತು ಡೊಮಿನಿಕ್ ಲೆಗೆನ್ಯೂ ಸಹೋದರರು 1984ರಲ್ಲಿ ಪೇಟೆಂಟಿಗೆ ಕೊಟ್ಟದ್ದು ನೀರಿಗೆ ಬಿದ್ದರೂ ಮುಳುಗದೆ ಮತ್ತೆ ಹಾರುವ ಪಟವನ್ನು. ಆ ಗುಣ ನಿನ್ನ ಪಟದಲ್ಲಿ ಇದೆಯೋ ಇಲ್ಲವೋ ಎಂದು ಸೊಂಟದ ಮಟ್ಟದ ನೀರಿನಲ್ಲಿ ನೋಡಿಕೊ. ನೈಋತ್ಯ ಗಾಳಿಯ ತಿಂಗಳುಗಳಲ್ಲಿ ರಾಮೇಶ್ವರದ ಪಾಕ್ ಕೊಲ್ಲಿ ಕಡೆ ನೀರು ಸಪಾಟಾಗಿ ಆಸೆ ಹುಟ್ಟಿಸುತ್ತದೆ, ಆದರೆ ಅಲ್ಲಿ ಗಾಳಿ ದಡದಿಂದ ಹೊರಗೆ ಬೀಸುತ್ತದೆ. ಪರೀಕ್ಷೆಗೆ ಬಿಟ್ಟ ಪಟ ಕೈಕೊಟ್ಟರೆ ನೀನೂ ಆ ಕಡೆಗೇ. ಕಾಯಲು ದೋಣಿ ಇಲ್ಲದೆ ಅಲ್ಲಿ ಇಳಿಯಬೇಡ. ನಮ್ಮ ಕರಾವಳಿ ಹತ್ತಿರವಲ್ಲವೇ ಎಂದು ಆ ದಿನಗಳಲ್ಲಿ ಇಲ್ಲಿ ಇಳಿಯುವ ಯೋಚನೆಯೂ ಬೇಡ. ಜೂನ್ ಜುಲೈಯಲ್ಲಿ ಯಾಂತ್ರಿಕ ದೋಣಿಗಳೇ ದಡದಲ್ಲಿರುತ್ತವೆ.

ಗಾಳಿ ಸೋರುವ ವಿಷಯ ಚಿಕ್ಕದು. ಪಟ ತುಂಬಿಸಿ, ಮುಂಭಾಗದ ಟ್ಯೂಬಿನಿಂದ ಅಡ್ಡ ಟ್ಯೂಬುಗಳಿಗೆ ಹೋಗುವ ಕೊಳವೆಗಳ ಕ್ಲಿಪ್ ಎಲ್ಲ ಹಾಕಿ ನೆರಳಿನಲ್ಲಿ ರಾತ್ರಿ ಇಡು. ಬೆಳಿಗ್ಗೆ ಯಾವುದು ಮೆತ್ತಗಾಗಿದೆಯೋ ಅದರಲ್ಲಿ ತೂತು. ವಾಲ್ವಿನ ಸುತ್ತ ಸೋಪಿನ ನೀರು ಹಚ್ಚಿ ನೋಡು, ಅಂಟು ಬಿಟ್ಟಿರುವುದು ಹೆಚ್ಚಾಗಿ ಅಲ್ಲೇ. ಒಳಗಿನ ಬ್ಲಾಡರ್ ಹೊರಗೆಳೆಯಲೇಬೇಕಾದರೆ ಎರಡೂ ತುದಿಗೆ ಉದ್ದನೆಯ ದಾರ ಕಟ್ಟಿ ಎಳೆ. ಆ ದಾರ ಒಳಗೇ ಉಳಿದರೆ ಮರಳಿ ತೂರಿಸುವುದು ಸುಲಭ, ಇಲ್ಲವಾದರೆ ಅರ್ಧ ದಿನ ಹೋಯಿತು.

ಇಷ್ಟಾದ ಮೇಲೂ ಎಡಕ್ಕೇ ಎಳೆದರೆ, ನಿನ್ನದರಂತೆಯೇ ಜೋಡಣೆಯಾಗುವ ಬಾರ್ ಒಂದನ್ನು ಅಲ್ಲಿಯೇ ಯಾರ ಹತ್ತಿರವಾದರೂ ಕೇಳಿ ತೆಗೆದುಕೊ. ಹಾರಿಸುವ ಮುನ್ನ ಅದರ ತುರ್ತು ಬಿಡುಗಡೆಯನ್ನು ಒಮ್ಮೆ ಎಳೆದು ನೋಡು. ಮರಳು ಸಿಕ್ಕಿಕೊಂಡರೆ ಅದು ಬಿಡದೆ ಇರಬಹುದು. ಎರವಲು ಬಾರಿನಲ್ಲಿ ಪಟ ನೆಟ್ಟಗೆ ನಿಂತರೆ ದೋಷ ನಿನ್ನ ಬಾರಿನದು. ಆಗಲೂ ಎಳೆದರೆ ಪಟವನ್ನು ಎಡ ರೆಕ್ಕೆಗೆ ಬಲ ರೆಕ್ಕೆ ಕೂಡುವಂತೆ ಮಡಚಿ ಎರಡೂ ಬದಿಯ ಸೂತ್ರಗಳನ್ನು ಪಕ್ಕಪಕ್ಕ ಹಿಡಿದು ಅಳೆ. ಸೂತ್ರ ಓಡುವ ರಾಟೆಯಲ್ಲಿ ಮರಳು ಕೂತಿದೆಯೇ ಎಂದೂ ನೋಡು, ಸಿಹಿನೀರಿನಲ್ಲಿ ತೊಳೆದರೆ ಸಾಕಾಗಬಹುದು. ಸೂತ್ರ ಸವೆದಿದ್ದರೆ ಹೊಸದು ಹಾಕಿಸು, ಎರಡೂ ಬದಿಗೆ ಒಟ್ಟಿಗೆ. ಒಂದೇ ಬದಿ ಹಾಕಿಸಿದರೆ ಹಳೆಯದು ಹಿಗ್ಗಿದಷ್ಟೇ ಅಂತರ ಮತ್ತೆ ಉಳಿದುಬಿಡುತ್ತದೆ.