ಬಂದಳಿಕೆ ಎಂದು ಬೈಸಿಕೊಂಡ ವಂಡಾ

ಬಿ.ಕಾಂ. ಓದುವವನಿಗೆ ಗಿಡದ ಗೊಡವೆ ಯಾಕೆ ಎಂದು ಸ್ನೇಹಿತರು ಕೇಳಬಹುದು. ಕಾರಣ ಹೇಳ್ತೀನಿ. 2025ರ ಮೇ ತಿಂಗಳಲ್ಲಿ ಗಚ್ಚಿಬೌಲಿಯ ನಮ್ಮ ಕಾಕಾನ ಮನೆ ಹಿಂದಿನ ಓಣಿಯಲ್ಲಿ ಹಳೆಯ ಮಾವಿನ ಮರವೊಂದನ್ನು ಕಡಿದರು. ಬಿದ್ದ ಕೊಂಬೆಯ ಮೇಲೆ ಹೂ ಬಿಟ್ಟಿದ್ದ ಗಿಡವೊಂದು ಅಂಟಿಕೊಂಡಿತ್ತು. ಸೌದೆ ಗಾಡಿ ಬರುವ ಮೊದಲು ಅದನ್ನು ಬಿಡಿಸಿ ತಂದೆ. ಕಾಕು ನೋಡಿದವರೇ, “ಬಂದಳಿಕಿ ಅಲ್ಲೇನೋ ಅದು? ಒಗಿ ಹೊರಗ. ಇದ್ದೊಂದು ಬೇವಿನ ಗಿಡಾನೂ ಒಣಗಿಸ್ತದ” ಅಂದರು.

ಅದು ಬಂದಳಿಕೆಯಲ್ಲ. ವಂಡಾ ಟೆಸಲೇಟಾ ಎಂಬ ಕಾಡು ಆರ್ಕಿಡ್. ಆದರೆ ಕಾಕು ಮಾಡಿದ ತಪ್ಪು ಬಹಳ ಹಳೆಯದು. ಕಲ್ಕತ್ತೆಯಲ್ಲಿ ನ್ಯಾಯಾಧೀಶನಾಗಿದ್ದು ಸಂಸ್ಕೃತ ಕಲಿತ ವಿಲಿಯಂ ಜೋನ್ಸ್ 18ನೇ ಶತಮಾನದ ಕೊನೆಗೆ ವಿಜ್ಞಾನಕ್ಕೆ ತಂದ ‘ವಂಡಾ’ ಎಂಬ ಹೆಸರು ಸಂಸ್ಕೃತದ ‘ವಂದಾ’. ಮರದ ಮೇಲೆ ಬೆಳೆಯುವ ಬಂದಳಿಕೆಯಂಥ ಗಿಡಗಳಿಗೂ ಅದೇ ಮಾತು. ಹೆಸರಿನಲ್ಲೇ ಆರೋಪ ಸೇರಿಕೊಂಡುಬಿಟ್ಟಿದೆ ನೋಡಿ.

ನಿಜವಾದ ಬಂದಳಿಕೆ ತನ್ನ ಬೇರನ್ನು ಕೊಂಬೆಯೊಳಕ್ಕೆ ಇಳಿಸಿ ಮರದ ರಸ ಹೀರುತ್ತದೆ. ವಂಡಾ ತೊಗಟೆಯ ಮೇಲೆ ಕೂತಿರುತ್ತದೆ, ಅಷ್ಟೆ. ಬೆರಳು ಗಾತ್ರದ ಅದರ ಬೇರಿನ ಸುತ್ತ ಸ್ಪಂಜಿನಂಥ ಹೊದಿಕೆ ಇದೆ. ಮಳೆನೀರು, ಮಂಜು, ತೊಗಟೆ ಮೇಲಿನ ಧೂಳಿನ ಸತ್ವ, ಇಷ್ಟೇ ಅದರ ಜಮೆ. ಒಣಗಿದಾಗ ಬೂದಿಬಿಳುಪು, ನೀರು ಸೋಕಿದ ಕೂಡಲೇ ಹಸಿರು. ನಾನೇ ಚೊಂಬು ಹಿಡಿದು ಎಷ್ಟೋ ಸಲ ನೋಡಿದ್ದೇನೆ, ಬೇಸರವೇ ಆಗೋದಿಲ್ಲ.

ಎಲೆಗಳು ಪಟ್ಟಿಯಂತೆ, ಚರ್ಮದಷ್ಟು ಗಟ್ಟಿ, ನಡುವೆ ಕಾಲುವೆಯಂತೆ ಮಡಿಸಿಕೊಂಡಿವೆ. ದಳಗಳ ಹಳದಿ ಹಸಿರಿನ ಮೇಲೆ ಕಂದು ಗೆರೆಗಳ ಚೌಕಳಿ. ಟೆಸಲೇಟಾ ಅಂದರೆ ಅದೇ, ಚೌಕಳಿಯ ಹಾಸುಗಲ್ಲಿನಂಥದ್ದು. ತುಟಿ ಮಾತ್ರ ನೀಲಿ ನೇರಳೆ. ವಾಸನೆಯೂ ಉಂಟು. ಆರ್ಕಿಡ್ ಅಂದರೆ ಮಲೆನಾಡಿನ ಸೀತಾಳೆ ದಂಡೆಯೇ ಎಂದುಕೊಂಡಿದ್ದ ನನಗೆ ದಖ್ಖನಿನ ಒಣ ಕಾಡಿನಲ್ಲೂ ಇಂಥದ್ದು ಬದುಕುತ್ತದೆ ಎಂಬುದೇ ಆಶ್ಚರ್ಯ.

ಬೆಳೆಸುವುದರಲ್ಲಿ ನಾನು ಮೊದಲು ಎಡವಿದೆ. ಕೆಂಪು ಮಣ್ಣು, ಗೊಬ್ಬರ ತುಂಬಿದ ಕುಂಡದಲ್ಲಿ ನೆಟ್ಟು ದಿನಾ ನೀರು ಹಾಕಿದೆ. ಮೂರು ವಾರಕ್ಕೆ ಬೇರು ಕಪ್ಪಾಗಿ ಮೆತ್ತಗಾಯಿತು. ಗಾಳಿ ಬೇಕಾದ ಬೇರನ್ನು ಹೂತಿದ್ದೆ! ಕೊಳೆತದ್ದನ್ನು ಕತ್ತರಿಸಿ, ಎರಡು ದಿನ ನೆರಳಲ್ಲಿ ಒಣಗಿಸಿ, ತೆಂಗಿನ ನಾರಿನ ತುಂಡಿನ ಸಮೇತ ಅದೇ ಬೇವಿಗೆ ಹತ್ತಿಯ ದಾರದಿಂದ ಕಟ್ಟಿದೆ. ಬೆಳಗಿನ ಬಿಸಿಲು ಬೀಳಬೇಕು, ಮಧ್ಯಾಹ್ನ ನೆರಳಿರಬೇಕು. ಬೇಸಿಗೆಯಲ್ಲಿ ಮುಂಜಾನೆ ನೀರು ಚಿಮುಕಿಸಿದರೆ ಸಾಕು. ಮಳೆಗಾಲದಲ್ಲಿ ಅದೂ ಬೇಡ.

ಬೀಜದಿಂದ ಬೆಳೆಸಬಾರದೇ ಅಂದರೆ, ಅದು ನಮ್ಮ ಕೈಲಾಗದು. ಒಂದು ಕಾಯಲ್ಲಿ ಹಿಟ್ಟಿನಂಥ ಬೀಜ ಲೆಕ್ಕವಿಲ್ಲದಷ್ಟು, ಆದರೆ ಯಾವುದಕ್ಕೂ ಸ್ವಂತ ಬಂಡವಾಳವಿಲ್ಲ. ಕಾಳಿನಲ್ಲಿರುವಂತೆ ಅದರೊಳಗೆ ಆಹಾರ ಇರುವುದಿಲ್ಲ. ತೊಗಟೆ ಮೇಲಿನ ಒಂದು ಬಗೆಯ ಶಿಲೀಂಧ್ರ ಸಾಲ ಕೊಟ್ಟರೆ ಮಾತ್ರ ಮೊಳಕೆ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಸಕ್ಕರೆ ಬೆರೆಸಿದ ಅಗರಿನ ಮೇಲೆ ಶಿಲೀಂಧ್ರವಿಲ್ಲದೆ ಆರ್ಕಿಡ್ ಬೀಜ ಮೊಳೆಸಿ ತೋರಿಸಿದ. ಅದು ಪ್ರಯೋಗಾಲಯದ ಮಾತಾಯಿತು. ಹೊರಗೆ ಹಳೆಯ ಮರವೇ ಬೇಕು.

ಬಂಗಾಳದ ಕಡೆ ಇದರ ಬೇರನ್ನೇ ರಾಸ್ನಾ ಎಂದು ಔಷಧಕ್ಕೆ ಕೀಳುತ್ತಾರೆ. (ನಮ್ಮ ದುಂಪರಾಸ್ಮೆ ಬೇರೆ, ಅದು ಶುಂಠಿಯ ಬಳಗ.) ದೇಶದಿಂದ ದೇಶಕ್ಕೆ ಮಾರಬೇಕಾದರೆ ಸೈಟಿಸ್ ಒಪ್ಪಂದದ ಪರವಾನಗಿ ಬೇಕು. ಮರ ಬಿದ್ದಾಗ ಅದರ ಮೇಲಿನದನ್ನು ಯಾರು ಲೆಕ್ಕ ಇಡುತ್ತಾರೆ? ನಮ್ಮ ಓಣಿಯ ಮಾವು ಬೀಳುವುದಕ್ಕೆ ಸ್ವಲ್ಪ ಮೊದಲು, ಮಾರ್ಚ್ ಕೊನೆಯಲ್ಲಿ, ಹೈದರಾಬಾದ್ ವಿಶ್ವವಿದ್ಯಾಲಯದ ಪಕ್ಕದ ಕಂಚ ಗಚ್ಚಿಬೌಲಿಯ 400 ಎಕರೆಗೆ ಯಂತ್ರಗಳು ನುಗ್ಗಿದ್ದವು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟು ಮರ ಕಡಿಯುವುದನ್ನು ತಡೆಯಿತು. ನವಿಲು, ಜಿಂಕೆಗಳ ಸುದ್ದಿ ಓದಿದೆ. ತೊಗಟೆಗೆ ಅಂಟಿಕೊಂಡು ಬದುಕುವ ಸಣ್ಣಪುಟ್ಟ ಗಿಡಗಳ ಬಗ್ಗೆ ನನ್ನ ಕಣ್ಣಿಗೆ ಏನೂ ಬೀಳಲಿಲ್ಲ.

ಬೇವು ಒಣಗಿಲ್ಲ. ವಂಡಾ ಎರಡು ಹೊಸ ಬೇರು ಬಿಟ್ಟಿದೆ, ಒಂದು ತೊಗಟೆಯನ್ನು ಮುಟ್ಟಿದೆ. ಹೂ ಇನ್ನೂ ಬಿಟ್ಟಿಲ್ಲ. ಕಾಕು ಈಗಲೂ ಅದನ್ನು ಬಂದಳಿಕಿ ಅಂತಲೇ ಕರೀತಾರೆ. ಕೀಳು ಅನ್ನೋದನ್ನ ಮಾತ್ರ ಬಿಟ್ಟಿದ್ದಾರೆ.