ಮನೆಯಲ್ಲೇ ಪಿಕಪ್ ಗಾಡಿಯ ಆರೈಕೆ: ಮಾಡಬೇಕಾದ್ದು, ಮಾಡಬಾರದ್ದು



ಮಲೆನಾಡಿನಲ್ಲಿ ಹಿಂದೆ ಎತ್ತಿನ ಗಾಡಿಯೂ ಆಮೇಲೆ ಜೀಪೂ ಮಾಡುತ್ತಿದ್ದ ಕೆಲಸವನ್ನು ಈಗ ನಾಲ್ಕೂ ಚಕ್ರಗಳಿಗೆ ಬಲ ಕೊಡುವ ಪಿಕಪ್ ಗಾಡಿಗಳು ಮಾಡುತ್ತಿವೆ. ಕಾಫಿ ಚೀಲ, ಅಡಿಕೆ ಮೂಟೆ, ಗೊಬ್ಬರ, ಹಾಲಿನ ಕ್ಯಾನು ಎಲ್ಲವೂ ಅದರಲ್ಲೇ ಸಾಗುತ್ತವೆ. ಮಳೆಗಾಲದ ನಡುರಾತ್ರಿ ಹೆರಿಗೆ ನೋವು ಬಂದ ತಾಯಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಡಾಂಬರು ರಸ್ತೆಗೆ ತಲುಪಿಸಬೇಕಾದಾಗಲೂ ಕೈಗೆ ಸಿಗುವುದು ಅದೇ ಗಾಡಿ. ಆದುದರಿಂದ ಅದರ ಆರೈಕೆ ಯಜಮಾನನ ಲಾಭ ನಷ್ಟದ ಮಾತು ಮಾತ್ರವಲ್ಲ, ಊರಿನ ಕ್ಷೇಮದ ಮಾತೂ ಹೌದು.

ಗಾಡಿ ಕೊಂಡೊಡನೆ ಅದನ್ನು ಎತ್ತರ ಮಾಡಿಸುವುದು, ದಪ್ಪ ಟೈರು ಹಾಕಿಸುವುದು, ಮುಂದೆ ಕಬ್ಬಿಣದ ಗಾರ್ಡು ಕಟ್ಟಿಸುವುದು ಈಗ ಯುವಕರಲ್ಲಿ ರೂಢಿಯಾಗಿದೆ. ಕೊರಕಲು ದಾರಿಯಲ್ಲಿ ನಮ್ಮನ್ನು ಕಾಯುವುದು ಇವಲ್ಲ. ಬ್ರೇಕು, ಟೈರಿನ ಗಾಳಿ, ಎಣ್ಣೆ, ಗ್ರೀಸು, ಇವು ಕಾಯುತ್ತವೆ. ಮೊದಲು ಆರೈಕೆ, ಆಮೇಲೆ ಮಾರ್ಪಾಡು ಎಂಬುದೇ ಈ ಪಾಠದ ಸಾರ.

1. ನಾಲ್ಕು ಚಕ್ರದ ಬಲ

ಗಾಡಿ ತಿರುಗುವಾಗ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳುತ್ತವೆ. ಬೇಕೆಂದಾಗ ಮಾತ್ರ ಜೋಡಿಸುವ ನಮ್ಮ ಗಾಡಿಗಳಲ್ಲಿ ಈ ವ್ಯತ್ಯಾಸವನ್ನು ನುಂಗುವ ಗೇರು ನಡುವೆ ಇರುವುದಿಲ್ಲ. ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ಬಿಗಿತ ಬಿಟ್ಟುಕೊಳ್ಳುತ್ತದೆ. ಒಣ ಡಾಂಬರಿನಲ್ಲಿ ಜಾರಲಾರದೆ ಗೇರುಗಳು ಹಿಂಡಿಕೊಂಡು ಸವೆಯುತ್ತವೆ. ಆದುದರಿಂದ ಒಣ ರಸ್ತೆಗೆ ಬಂದೊಡನೆ ಅದನ್ನು ತೆಗೆಯಬೇಕು. ಕೆಸರಿನಲ್ಲಿ ಹೂತ ಮೇಲೆ ಜೋಡಿಸುವುದಕ್ಕಿಂತ ಕೆಸರಿಗೆ ಇಳಿಯುವ ಮೊದಲೇ ಜೋಡಿಸುವುದು ಜಾಣತನ.

ಕಡಿದಾದ ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲೇ ಇಳಿಯತಕ್ಕದ್ದು. ಆಗ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವವರಿದ್ದಾರೆ. ಈಗಿನ ಇಂಜಿನ್ನುಗಳು ಗೇರಿನಲ್ಲಿ ಇಳಿಯುವಾಗ ಡೀಸೆಲನ್ನು ತಾವಾಗಿಯೇ ನಿಲ್ಲಿಸುತ್ತವೆ. ನ್ಯೂಟ್ರಲಿನಲ್ಲಿಯೇ ಇಂಜಿನ್ ಆರದಿರಲು ಡೀಸೆಲ್ ಬೇಕಾಗುತ್ತದೆ. ಹೀಗೆ ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ.

2. ಬ್ರೇಕು

ಘಾಟಿಯುದ್ದಕ್ಕೂ ಬ್ರೇಕನ್ನೇ ಒತ್ತಿಕೊಂಡು ಬಂದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುವ ಗುಣದ್ದು. ವರ್ಷಗಳು ಕಳೆದಂತೆ ಅದರಲ್ಲಿ ನೀರಿನ ಅಂಶ ಸೇರಿ, ಬಿಸಿಯಾದಾಗ ಬೇಗ ಕುದಿದು ಆವಿಯಾಗುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲು ತಳ ಸೇರುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಆಗುಂಬೆಯಂಥ ಸೀಮೆಯಲ್ಲಿ ಇದನ್ನು ಅಲಕ್ಷಿಸಬಾರದು. ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಈ ಎಣ್ಣೆಯನ್ನು ಬದಲಾಯಿಸಬೇಕು. ಈ ಕೆಲಸವನ್ನು ಬಲ್ಲ ಮೆಕ್ಯಾನಿಕ್‌ನಿಂದಲೇ ಮಾಡಿಸಿರಿ.

3. ವಾರದ ಕೆಲಸ

(ಅ) ಬೆಳಿಗ್ಗೆ ಟೈರು ತಣ್ಣಗಿರುವಾಗ ಗಾಳಿ ಅಳೆಯಿರಿ. ಖಾಲಿ ಗಾಡಿಗೆ ಎಷ್ಟು, ಹೊರೆ ಇದ್ದಾಗ ಎಷ್ಟು ಎಂಬುದು ಗಾಡಿಯ ಕೈಪಿಡಿಯಲ್ಲಿರುತ್ತದೆ. ಕೆಸರಿನಲ್ಲಿ ಹಿಡಿತಕ್ಕಾಗಿ ಗಾಳಿ ತಗ್ಗಿಸುವುದಿದ್ದರೆ ಖಾಲಿ ಗಾಡಿಯಲ್ಲಿ ಮಾತ್ರ, ನಿಧಾನವಾಗಿ ಹೋಗುವಾಗ ಮಾತ್ರ. ರಸ್ತೆಗೆ ಬರುವ ಮುನ್ನ ಮತ್ತೆ ತುಂಬಬೇಕು; ಅದಕ್ಕಾಗಿ ಪಂಪು ಜೊತೆಗಿರಲಿ.

(ಆ) ಇಂಜಿನ್ ಎಣ್ಣೆ, ರೇಡಿಯೇಟರಿನ ನೀರು, ಬ್ರೇಕಿನ ಎಣ್ಣೆಯ ಮಟ್ಟ ನೋಡಿರಿ. ಬಿಸಿ ರೇಡಿಯೇಟರಿನ ಮುಚ್ಚಳ ಎಂದೂ ತೆಗೆಯಬೇಡಿ.

(ಇ) ಬೇಸಿಗೆಯ ಧೂಳಿನಲ್ಲಿ ಗಾಳಿ ಶೋಧಕ ಬೇಗ ಕಟ್ಟುತ್ತದೆ. ಕಾಗದದ ಶೋಧಕವನ್ನು ಮೆಲ್ಲಗೆ ತಟ್ಟಿ ಧೂಳು ಉದುರಿಸಬಹುದು, ತೊಳೆಯಬಾರದು. ಹರಿದಿದ್ದರೆ ಹೊಸದು ಹಾಕಿರಿ.

(ಈ) ಡೀಸೆಲ್ ಶೋಧಕದ ತಳದಲ್ಲಿ ನಿಂತ ನೀರನ್ನು ಕೈಪಿಡಿಯಲ್ಲಿ ಹೇಳಿದಂತೆ ಹೊರಗೆ ಬಿಡಬೇಕು.

(ಉ) ಪ್ರೊಪೆಲ್ಲರ್ ಶಾಫ್ಟಿನ ಕೀಲುಗಳಿಗೂ ಗ್ರೀಸು ಮೂತಿ ಇರುವ ಇತರ ಕಡೆಗಳಿಗೂ ಗ್ರೀಸು ಹೊಡೆಯಿರಿ. ಹಳೆಯ ಗ್ರೀಸು ಕೆಸರಿನೊಂದಿಗೆ ಹೊರಬರುವವರೆಗೆ ಒತ್ತಬೇಕು.

ತುಕ್ಕು ತಡೆಯಲು ಹಳೆಯ ಇಂಜಿನ್ ಎಣ್ಣೆಯನ್ನು ಗಾಡಿಯ ತಳಕ್ಕೆ ಬಳಿಯುವ ಅಭ್ಯಾಸ ಒಳ್ಳೆಯದಲ್ಲ. ಅದು ರಬ್ಬರು ಭಾಗಗಳನ್ನು ಕೆಡಿಸುತ್ತದೆ, ಬ್ರೇಕಿಗೆ ತಗುಲಿದರೆ ಅಪಾಯ, ಮಳೆಯಲ್ಲಿ ತೊಳೆದು ಹಳ್ಳ ಸೇರುತ್ತದೆ. ಕೆಸರನ್ನು ನೀರಿನಿಂದ ಚೆನ್ನಾಗಿ ತೊಳೆದು ತುಕ್ಕು ನಿರೋಧಕ ಬಣ್ಣ ಹಚ್ಚುವುದೇ ಸರಿ.

4. ಹಳ್ಳ ದಾಟಿದ ಮೇಲೆ

ಓಡಿ ಬಂದ ಗಾಡಿಯ ಹಿಂದಿನ ಆಕ್ಸಲು ಬಿಸಿಯಾಗಿರುತ್ತದೆ. ಅದು ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ, ಉಸಿರು ರಂಧ್ರದಿಂದಲೂ ಸೀಲುಗಳಿಂದಲೂ ನೀರನ್ನು ಎಳೆದುಕೊಳ್ಳುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದೇ ಅರ್ಥ. ಒಡನೆ ಬದಲಾಯಿಸದಿದ್ದರೆ ಬೇರಿಂಗು, ಗೇರು ಕೆಡುತ್ತವೆ. ನೂರರಲ್ಲಿ ಮುಗಿಯುವ ಕೆಲಸ ಸಾವಿರಗಳಿಗೆ ಏರುತ್ತದೆ.

ಹಳ್ಳ ದಾಟುವ ಮೊದಲು ಆಳ ತಿಳಿಯಬೇಕು. ನೀರು ರಭಸವಾಗಿದ್ದರೆ ಕಾಯುವುದೇ ಲೇಸು. ದಾಟಿದ ಮೇಲೆ ನಿಧಾನವಾಗಿ ಚಲಿಸುತ್ತ ಬ್ರೇಕನ್ನು ಮೆಲ್ಲಗೆ ಹಲವು ಬಾರಿ ಒತ್ತಿ ಒಣಗಿಸಿಕೊಳ್ಳಿರಿ.

5. ಪ್ರಯೋಜನವುಳ್ಳ ಮಾರ್ಪಾಡುಗಳು

ಮೊದಲನೆಯದು, ಆಕ್ಸಲಿನ ಉಸಿರು ರಂಧ್ರಕ್ಕೆ ಎಣ್ಣೆ ತಡೆಯುವ ರಬ್ಬರು ನಳಿಗೆ ಜೋಡಿಸಿ, ಅದರ ತುದಿಯನ್ನು ನೀರು ತಾಗದ ಎತ್ತರಕ್ಕೆ ಒಯ್ದು ಕಟ್ಟುವುದು. ಖರ್ಚು ಅಲ್ಪ, ಲಾಭ ಬಹಳ. ಎರಡನೆಯದು, ಹಗ್ಗ ಕಟ್ಟಲು ಚಾಸಿಗೆ ಸೇರಿದ ಗಟ್ಟಿ ಕೊಕ್ಕೆಗಳು ಸರಿಯಾಗಿವೆಯೇ ಎಂದು ನೋಡಿಕೊಳ್ಳುವುದು. ಮೂರನೆಯದು, ಕಂಪನಿ ಹೇಳಿದ ಅಳತೆಯಲ್ಲೇ ಕೆಸರಿಗೆ ತಕ್ಕ ಹಲ್ಲುಳ್ಳ ಟೈರು ಹಾಕುವುದು. ನಾಲ್ಕನೆಯದು, ಸಲಿಕೆ, ಹಲಗೆ, ಹಗ್ಗ, ಪಂಪು ಇಡಲು ಭದ್ರವಾದ ಪೆಟ್ಟಿಗೆ.

6. ಮೋಸಗೊಳಿಸುವ ಮಾರ್ಪಾಡುಗಳು

ಸ್ಪ್ರಿಂಗಿಗೆ ಒಂದು ಪಟ್ಟಿ ಹೆಚ್ಚು ಹಾಕಿದರೆ ಗಾಡಿ ತಗ್ಗುವುದಿಲ್ಲ, ನಿಜ. ಆದರೆ ಆಕ್ಸಲು, ರಿಮ್ಮು, ಟೈರು, ಬ್ರೇಕು ಹಿಂದಿನವೇ. ಹೊರೆಯ ಮಿತಿ ಕಿಂಚಿತ್ತೂ ಏರಿಲ್ಲ. ಇನ್ನೊಂದು ಗುಟ್ಟನ್ನು ಎಲ್ಲರೂ ತಿಳಿಯಬೇಕು. ಹಲವು ಪಿಕಪ್ಪುಗಳಲ್ಲಿ ಹಿಂಬದಿ ಎಷ್ಟು ತಗ್ಗಿದೆ ಎಂಬುದನ್ನು ಅಳೆದು ಹಿಂದಿನ ಬ್ರೇಕಿಗೆ ಒತ್ತಡ ಬಿಡುವ ಕವಾಟವಿದೆ. ಹಿಂಬದಿ ತಗ್ಗಿದರೆ ಹೊರೆ ಇದೆಯೆಂದು ಹೆಚ್ಚು ಒತ್ತಡ ಬಿಡುತ್ತದೆ. ಎತ್ತರ ಮಾಡಿಸಿ ಕವಾಟವನ್ನು ಹೊಂದಿಸದೆ ಬಿಟ್ಟರೆ, ತುಂಬಿದ ಗಾಡಿಯನ್ನೂ ಅದು ಖಾಲಿಯೆಂದೇ ತಿಳಿಯುತ್ತದೆ. ಹೊರೆ ಹೊತ್ತು ಘಾಟಿ ಇಳಿಯುವಾಗಲೇ ಹಿಂದಿನ ಬ್ರೇಕು ಕಡಿಮೆಯಾಗುತ್ತದೆ.

ಟೈರಿನ ಸುತ್ತಳತೆ ನೂರಕ್ಕೆ ಹತ್ತರಷ್ಟು ಹೆಚ್ಚಿದರೆ, ಮೀಟರು 40 ತೋರಿಸುವಾಗ ಗಾಡಿ 44ರಲ್ಲಿ ಓಡುತ್ತಿರುತ್ತದೆ. ಏರು ಹತ್ತುವ ಬಲವೂ ಬ್ರೇಕಿನ ಹಿಡಿತವೂ ಕುಗ್ಗುತ್ತವೆ. ಎತ್ತರ ಹೆಚ್ಚಿದಷ್ಟೂ ಓರೆಯಾದ ದಾರಿಯಲ್ಲಿ ಗಾಡಿ ಬೇಗ ಮಗುಚುತ್ತದೆ.

ಕಬ್ಬಿಣದ ಲೆಕ್ಕವನ್ನೂ ಹಾಕಿರಿ. 1,000 ಕಿಲೋ ಹೊರುವ ಗಾಡಿಗೆ 150 ಕಿಲೋ ಗಾರ್ಡು, ಕಟ್ಟು ಕೂಡಿಸಿದರೆ 50 ಕಿಲೋ ತೂಕದ 3 ಚೀಲಗಳನ್ನು ಪ್ರತಿ ಸಲವೂ ಮನೆಯಲ್ಲೇ ಬಿಟ್ಟು ಹೋಗಬೇಕು.

7. ಕಾನೂನು

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಬದಲಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಒಂದೊಂದು ಅಕ್ರಮ ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಮುಂಭಾಗದ ಕಬ್ಬಿಣದ ಗಾರ್ಡುಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಅಪಘಾತವಾದಾಗ ವಿಮೆಯ ಪರಿಹಾರಕ್ಕೂ ಇಂಥ ಮಾರ್ಪಾಡು ತೊಡಕಾಗಬಹುದು. ಸಂದೇಹವಿದ್ದರೆ ಮಾಡಿಸುವ ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸಿರಿ.

8. ಕೆಲಸ ಮಾಡುವವರ ಕ್ಷೇಮ

ಬರಿಯ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಎಂದೂ ನುಸುಳಬಾರದು. ಗಟ್ಟಿ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕೊಟ್ಟು, ಚಾಸಿಯ ಕೆಳಗೆ ಭದ್ರವಾದ ಸ್ಟ್ಯಾಂಡು ಇಟ್ಟ ನಂತರವೇ ಕೆಲಸ. ಹೂತ ಗಾಡಿಯನ್ನು ಎಳೆಯುವಾಗ ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸಿದರೆ, ಕಿತ್ತುಬಂದರೂ ಏಟಿನ ರಭಸ ತಗ್ಗುತ್ತದೆ. ನೋಡಲು ನಿಂತ ಮಕ್ಕಳನ್ನು ಹಗ್ಗದ ಉದ್ದಕ್ಕಿಂತ ದೂರ ಕಳಿಸಿರಿ.

ಯುವಕ ಮಂಡಲಗಳಲ್ಲಿ ಚರ್ಚೆಗೆ

1. ನಮ್ಮೂರಿನ ಗಾಡಿಗಳಲ್ಲಿ ಬ್ರೇಕಿನ ಎಣ್ಣೆಯನ್ನು ಕೊನೆಯ ಸಲ ಬದಲಿಸಿದ್ದು ಯಾವಾಗ?
2. ಹಿಂದಿನ ಬ್ರೇಕಿನ ಕವಾಟ ಯಾವ ಗಾಡಿಗಳಲ್ಲಿದೆ? ಒಬ್ಬ ಮೆಕ್ಯಾನಿಕ್‌ನನ್ನು ಕರೆದು ಎಲ್ಲರೂ ನೋಡಿರಿ.
3. ಹಳ್ಳದ ಆಳ ತಿಳಿಸುವ ಗುರುತುಗಂಬವನ್ನು ಎಲ್ಲಿ ನೆಡಬೇಕು?
4. ಹಗ್ಗ, ಪಂಪು, ಸ್ಟ್ಯಾಂಡುಗಳನ್ನು ಊರಿಗೆಲ್ಲ ಒಂದೆಡೆ ಇಡಬಹುದೇ?

ಜೂನ್ ತಿಂಗಳ ಮೊದಲ ಮಳೆಗೆ ಮುನ್ನ ಒಂದು ಭಾನುವಾರ ಗಾಡಿಗಳನ್ನೆಲ್ಲ ಒಂದೆಡೆ ಸೇರಿಸಿ ಈ ಕೆಲಸಗಳನ್ನು ಒಟ್ಟಾಗಿ ಮಾಡಿರಿ. ಕೈ ಕೆಸರಾದರೆ ಬಾಯಿ ಮೊಸರು.