ಹಂದಿ ತಿನ್ನದವರಿಗೂ ಬರುವ ಲಾಡಿಹುಳುವಿನ ರೋಗ



ತೋಟದಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ ಕೈಗೆ ಬೀಗದ ಕೈ ಹಿಡಿಸುವುದು, ಮೂಗಿಗೆ ಚಪ್ಪಲಿ ಹಿಡಿಯುವುದು, ಆಮೇಲೆ ತಾಯಿತ ಕಟ್ಟಿಸುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಹಿಂದೆಂದೂ ಫಿಟ್ಸ್ ಬಾರದಿದ್ದವರಿಗೆ ಪ್ರಾಯದಲ್ಲಿ ಅದು ಹೊಸದಾಗಿ ಶುರುವಾದರೆ, ನಮ್ಮ ದೇಶದಲ್ಲಿ ಅದಕ್ಕಿರುವ ಮುಖ್ಯ ಕಾರಣಗಳಲ್ಲಿ ಒಂದು ಮಿದುಳಿನಲ್ಲಿ ಕೂತ ಲಾಡಿಹುಳುವಿನ ಗುಳ್ಳೆ. ಈ ಹುಳು ಬೇರೂರಿರುವ ನಾಡುಗಳಲ್ಲಿ ೧೦೦ ಅಪಸ್ಮಾರ ರೋಗಿಗಳ ಪೈಕಿ ಸುಮಾರು ೩೦ ಮಂದಿಗೆ ಇದೇ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. "ನಾವು ಹಂದಿ ಮುಟ್ಟುವವರಲ್ಲ, ನಮಗೇಕೆ ಈ ಪಾಠ?" ಎನ್ನುವ ಸದಸ್ಯರೇ ಇದನ್ನು ಮುಖ್ಯವಾಗಿ ಓದಬೇಕು.

ಒಂದೇ ಹುಳು, ಎರಡು ದಾರಿ

ಮೊದಲನೆಯ ದಾರಿ ಮಾಂಸದ್ದು. ಗುಳ್ಳೆಗಳಿರುವ ಹಂದಿ ಮಾಂಸವನ್ನು ಅರೆಬೇಯಿಸಿ ತಿಂದವನ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಸುಮಾರು ೨ ತಿಂಗಳಲ್ಲಿ ಬಲಿತು ಹಲವು ಮೀಟರು ಉದ್ದವಾಗುತ್ತದೆ. ಆತನಿಗೆ ಹೆಚ್ಚಿನ ತೊಂದರೆಯೇನೂ ಕಾಣುವುದಿಲ್ಲ. ಆದರೆ ಅವನ ಮಲದಲ್ಲಿ ಹುಳುವಿನ ತುಂಡುಗಳು ಹೊರಬೀಳುತ್ತವೆ. ಒಂದೊಂದು ತುಂಡಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ಮೊಟ್ಟೆಗಳಿರುತ್ತವೆ.

ಎರಡನೆಯ ದಾರಿ ಮೊಟ್ಟೆಯದು. ಬಯಲಲ್ಲಿ ಬಿದ್ದ ಆ ಮಲವನ್ನು ಹಂದಿ ತಿಂದರೆ ಅದರ ಮಾಂಸದಲ್ಲಿ ಗುಳ್ಳೆಗಳೇಳುತ್ತವೆ. ಅದೇ ಮೊಟ್ಟೆ ಕೊಳಕು ಕೈ, ನೀರು ಅಥವಾ ಹಸಿ ತರಕಾರಿಯ ಮೂಲಕ ಮನುಷ್ಯನ ಹೊಟ್ಟೆ ಸೇರಿದರೆ ಗುಳ್ಳೆಗಳು ಏಳುವುದು ಮನುಷ್ಯನಲ್ಲಿ: ಸ್ನಾಯುವಿನಲ್ಲಿ, ಕಣ್ಣಿನಲ್ಲಿ, ಮಿದುಳಿನಲ್ಲಿ.

ಗುಳ್ಳೆ ತಿಂದವನಿಗೆ ಹುಳು, ಮೊಟ್ಟೆ ನುಂಗಿದವನಿಗೆ ಗುಳ್ಳೆ. ಈ ಒಂದು ಮಾತನ್ನು ನೆನಪಿಟ್ಟರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಮಿದುಳಿನ ಗುಳ್ಳೆ ಬರುವುದು ಹಂದಿಯಿಂದ ನೇರವಾಗಿ ಅಲ್ಲ, ಮನುಷ್ಯನ ಮಲದಿಂದ.

ಇದಕ್ಕೊಂದು ಪ್ರಸಿದ್ಧ ನಿದರ್ಶನವಿದೆ. ೧೯೯೦-೯೧ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ, ಧರ್ಮದ ಕಟ್ಟಳೆಯಂತೆ ಹಂದಿ ಮಾಂಸವನ್ನೇ ಮುಟ್ಟದ ಯೆಹೂದಿ ಸಮುದಾಯದ ನಾಲ್ವರ ಮಿದುಳಿನಲ್ಲಿ ಈ ಗುಳ್ಳೆಗಳು ಕಂಡುಬಂದವು. ಮನೆಗೆಲಸಕ್ಕೆ ಬರುತ್ತಿದ್ದ, ತಮ್ಮ ಹೊಟ್ಟೆಯಲ್ಲಿ ಹುಳುವಿದೆಯೆಂದೇ ಅರಿಯದವರಿಂದ ಮೊಟ್ಟೆಗಳು ಬಂದಿರಬೇಕೆಂದು ವೈದ್ಯರು ತೀರ್ಮಾನಿಸಿದರು.

ಗುಳ್ಳೆ ಜೀವಂತವಾಗಿರುವಾಗ ವರ್ಷಗಟ್ಟಲೆ ಸುಮ್ಮನಿರಬಹುದು. ಅದು ಸಾಯತೊಡಗಿದಾಗ ಸುತ್ತಲೂ ಊತವೆದ್ದು ಫಿಟ್ಸ್, ತಲೆನೋವು ಕಾಣಿಸುತ್ತವೆ. ಅಷ್ಟು ಹೊತ್ತಿಗೆ ಮೊಟ್ಟೆ ಎಲ್ಲಿಂದ ಬಂತೆಂಬುದು ಯಾರಿಗೂ ತಿಳಿಯುವುದಿಲ್ಲ.

ತಡೆಯುವ ಬಗೆ

೧. ಪ್ರತಿ ಲೈನ್‌ಮನೆಗೂ ನೀರಿನ ಸೌಕರ್ಯವಿರುವ ಪಾಯಿಖಾನೆ ಇರಲಿ. ಪಾಯಿಖಾನೆ ಬೇಕೆಂದು ೧೯೫೧ರ ತೋಟ ಕಾರ್ಮಿಕರ ಕಾಯಿದೆಯೇ ವಿಧಿಸಿತ್ತು. ಕೊಯ್ಲಿಗೆಂದು ನಾಲ್ಕು ತಿಂಗಳು ಬರುವವರಿಗೂ ಇದು ಬೇಕು. ಹಂದಿ ಸಾಕುವವರು ಅವನ್ನು ಗೂಡಿನಲ್ಲೇ ಕಟ್ಟಿ ಮೇಯಿಸಲಿ.

೨. ಪಾಯಿಖಾನೆಗೆ ಹೋಗಿಬಂದ ಮೇಲೆ, ಅಡಿಗೆಗೆ ಮತ್ತು ಊಟಕ್ಕೆ ಮುಂಚೆ ಸೋಪು ಹಚ್ಚಿ ಕೈ ತೊಳೆಯಬೇಕು. ಹತ್ತು ಜನಕ್ಕೆ ಬಡಿಸುವ ಕೈ ಮೊದಲು ಶುದ್ಧವಾಗಿರಬೇಕು.

೩. ಕೊತ್ತಂಬರಿ, ಸೌತೆ, ಮೂಲಂಗಿ ಮುಂತಾಗಿ ಹಸಿಯಾಗಿ ತಿನ್ನುವುದನ್ನು ಧಾರಾಳ ನೀರಿನಲ್ಲಿ ತೊಳೆಯಿರಿ. ಸಿಪ್ಪೆ ತೆಗೆಯಬಹುದಾದ್ದನ್ನು ತೆಗೆಯಿರಿ. ಪಾಯಿಖಾನೆ ಗುಂಡಿಯ ಹಸಿ ಗೊಬ್ಬರವನ್ನು ತರಕಾರಿ ಮಡಿಗೆ ಹಾಕಬೇಡಿ. ಹಳ್ಳದ ನೀರನ್ನು ಕುದಿಸಿ ಕುಡಿಯಿರಿ.

೪. ಹಂದಿ ಮಾಂಸ ತಿನ್ನುವವರು ಒಳಗೆಲ್ಲೂ ಕೆಂಪು ಉಳಿಯದಂತೆ ಬೇಯಿಸಲಿ. ಮಾಂಸದ ನಡುವೆ ಅಕ್ಕಿಕಾಳಿನಂಥ ಬಿಳಿ ಗುಳ್ಳೆ ಕಂಡರೆ ಕೊಳ್ಳಬೇಡಿ. ಬರೀ ಹೊಗೆಯಲ್ಲಿ ಒಣಗಿಸಿದ್ದನ್ನು ನಂಬುವಂತಿಲ್ಲ.

೫. ಮಲದಲ್ಲಿ ಬಿಳಿಯ ಚಪ್ಪಟೆ ತುಂಡುಗಳು ಕಂಡರೆ ನಾಚಿಕೆಪಡದೆ ವೈದ್ಯರಿಗೆ ತಿಳಿಸಿ. ಕರುಳಿನ ಹುಳು ಸಾಮಾನ್ಯವಾಗಿ ಒಂದೇ ಸಲದ ಔಷಧಿಗೆ ಹೋಗುತ್ತದೆ.

ಫಿಟ್ಸ್ ಬಂದಾಗ

ಬಿದ್ದವರನ್ನು ಮಗ್ಗುಲಾಗಿ ಮಲಗಿಸಿ. ಬಾಯಿಗೆ ನೀರಾಗಲಿ ಚಮಚವಾಗಲಿ ಹಾಕಬೇಡಿ. ಐದು ನಿಮಿಷಕ್ಕೂ ನಿಲ್ಲದಿದ್ದರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ನಿಂತರೂ ಸಹ ವೈದ್ಯರಿಗೆ ತೋರಿಸಿ. ಗುಳ್ಳೆ ಇದೆಯೇ ಎಂಬುದು ತಲೆಯ ಸ್ಕ್ಯಾನಿನಲ್ಲಿ ತಿಳಿಯುತ್ತದೆ. ಫಿಟ್ಸ್ ಇರುವವರಿಗೆ ಅಂಗಡಿಯಿಂದ ಜಂತುಹುಳುವಿನ ಮಾತ್ರೆ ತಂದು ಕೊಡಬಾರದು. ಮಿದುಳಿನ ಗುಳ್ಳೆಗಳು ಒಮ್ಮೆಗೇ ಸತ್ತು ಊತ ಹೆಚ್ಚಿದರೆ ಪ್ರಾಣಾಪಾಯವುಂಟು. ಫಿಟ್ಸ್ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಲೂಬಾರದು. ವೈದ್ಯರು ಒಪ್ಪುವ ತನಕ ಅಡಿಕೆ ಮರ ಹತ್ತುವುದು, ಪಲ್ಪರ್ ಬಳಿ ಕೆಲಸ, ಕೆರೆಗಿಳಿಯುವುದು, ವಾಹನ ನಡೆಸುವುದು ಬೇಡ. ಆ ಅವಧಿಯಲ್ಲಿ ಅವರಿಗೆ ಕಣದಲ್ಲೋ ಸಸಿಮಡಿಯಲ್ಲೋ ಕೆಲಸ ಕೊಟ್ಟರೆ ಸಂಸಾರದ ಅನ್ನ ತಪ್ಪುವುದಿಲ್ಲ.

ಹೊರಗಿನಿಂದ ಬಂದ ಕೆಲಸಗಾರರು ರೋಗ ತಂದರೆಂದು ದೂರುವುದರಿಂದ ಯಾರ ಮನೆಯೂ ಉಳಿಯದು. ಅವರ ಲೈನಿನಲ್ಲಿ ಪಾಯಿಖಾನೆ ಇಲ್ಲದಿದ್ದರೆ ಆ ಮೊಟ್ಟೆ ಮಳೆನೀರಿನಲ್ಲಿ ಹರಿದು ಧಣಿಗಳ ಬಾವಿಗೂ ಬರಬಹುದು. ಈ ಕೊಯ್ಲು ಶುರುವಾಗುವ ಮುನ್ನ ಪ್ರತಿಯೊಬ್ಬ ಸದಸ್ಯರೂ ತಮ್ಮ ಲೈನ್‌ಮನೆಗಳ ಹಿಂಭಾಗಕ್ಕೆ ಒಮ್ಮೆ ಹೋಗಿ ನೋಡಿಬರಬೇಕೆಂದು ವಿನಂತಿ.